ಒಂದು ಚೆನ್ನಾಗಿದೆಯೋ, ಎರಡೋ: ಆಪ್ಟೊಮೆಟ್ರಿ ಸಂದರ್ಶನದ ತಯಾರಿ

ಅಮೆರಿಕದ ಆಪ್ಟೊಮೆಟ್ರಿ ಕಾಲೇಜುಗಳ ಪ್ರವೇಶ ಸಂದರ್ಶನಕ್ಕೆ ತಯಾರಾಗುವವರ ಬಾಯಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ. ಮೂರನೆಯ ಕ್ಲಾಸಿನಲ್ಲಿ ಬೋರ್ಡು ಕಾಣುತ್ತಿರಲಿಲ್ಲ, ಟೀಚರು ಮನೆಗೆ ಚೀಟಿ ಕಳಿಸಿದರು, ಕನ್ನಡಕ ಬಂತು, ಅಂಗಡಿಯಿಂದ ಹೊರಗೆ ಕಾಲಿಟ್ಟಾಗ ಮರದ ಒಂದೊಂದು ಎಲೆಯೂ ಬೇರೆಬೇರೆಯಾಗಿ ಕಂಡಿತು; ಅಂದೇ ಈ ವೃತ್ತಿ ಎಂದು ನಿರ್ಧಾರವಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಚಿಕ್ಕಂದಿನಲ್ಲಿ ದೊಡ್ಡ ನಂಬರಿನ ಕನ್ನಡಕ ಹಾಕಿಕೊಂಡವರಿಗೆ ಆ ಎಲೆಗಳು ಬದುಕಿಡೀ ನೆನಪಿರುತ್ತವೆ. ಆದರೂ ‘ಆಪ್ಟೊಮೆಟ್ರಿ ಯಾಕೆ?’ ಎಂದು ಕೇಳಿದವರಿಗೆ ಇದು ಉತ್ತರವಾಗುವುದಿಲ್ಲ. ಇದು ತಪಾಸಣೆಯ ಕುರ್ಚಿಯಲ್ಲಿ ಕೂತ ಮಗುವಿನ ಅನುಭವ. ಕೇಳುತ್ತಿರುವುದು ಎದುರಿನ ಸ್ಟೂಲಿನ ಮೇಲೆ ಕೂತು, ಇಡೀ ದಿನ, ಇಡೀ ವರ್ಷ, ಒಬ್ಬರಾದ ಮೇಲೆ ಒಬ್ಬರ ಕಣ್ಣು ನೋಡುವವರ ಕೆಲಸದ ಬಗ್ಗೆ.

ಈಗ ಚಾಲ್ತಿಯಲ್ಲಿರುವ ಸಂದರ್ಶನ ತಯಾರಿಯ ದೊಡ್ಡ ದೋಷ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಪ್ರಶ್ನೆಗಳ ಪಟ್ಟಿ, ಮಾದರಿ ಉತ್ತರ, ಅಣಕು ಸಂದರ್ಶನ ಎಲ್ಲವೂ ಅಭ್ಯರ್ಥಿಯ ಮಾತನ್ನು ಹೊಳೆಯಿಸುತ್ತವೆ. ಅವನು ಏನನ್ನು ನೋಡಿದ್ದಾನೆ, ಯಾರ ಮಾತು ಕೇಳಿಸಿಕೊಂಡಿದ್ದಾನೆ ಎಂಬುದನ್ನು ಅವು ಮುಟ್ಟುವುದೇ ಇಲ್ಲ.

ಹಿನ್ನೆಲೆ ಇಷ್ಟು. ಅಮೆರಿಕದಲ್ಲಿ ಆಪ್ಟೊಮೆಟ್ರಿಸ್ಟ್ ಆಗಲು ಸಾಮಾನ್ಯವಾಗಿ ಪದವಿ ಮುಗಿಸಿ ಮತ್ತೆ ನಾಲ್ಕು ವರ್ಷ ಓದಬೇಕು. 1872ರಲ್ಲಿ ಶುರುವಾದ ಷಿಕಾಗೋದ ಇಲಿನಾಯ್ ಕಾಲೇಜಿನಿಂದ ಹಿಡಿದು ಈಚೆಗೆ ತೆರೆದವುಗಳವರೆಗೆ ಇಡೀ ದೇಶದಲ್ಲಿ ಇಂಥ ಕಾಲೇಜುಗಳು ಎರಡು ಡಜನ್ನಿನ ಆಸುಪಾಸು. ‘ಆಪ್ಟಮ್‌ಕ್ಯಾಸ್’ ಎಂಬ ಒಂದೇ ಬಾಗಿಲಿನಿಂದ ಅರ್ಜಿ, ‘ಒಎಟಿ’ ಎಂಬ ಪ್ರವೇಶ ಪರೀಕ್ಷೆ. ಅದರಲ್ಲಿ ವಿಜ್ಞಾನ, ಓದಿ ಗ್ರಹಿಸುವಿಕೆ, ಭೌತಶಾಸ್ತ್ರ, ಗಣಿತ. ಅಂಕ ಮತ್ತು ಅರ್ಜಿ ಒಪ್ಪಿಗೆಯಾದರೆ ಸಂದರ್ಶನದ ಕರೆ. ಹೆಚ್ಚಿನ ಕಡೆ ಅರ್ಜಿ ಬಂದ ಹಾಗೆ ಸೀಟು ತುಂಬುತ್ತಾ ಹೋಗುತ್ತದೆ, ಆದ್ದರಿಂದ ಬೇಗ ಕರೆ ಬಂದವರಿಗೆ ಅನುಕೂಲ. ಗಾಬರಿಯೂ ಬೇಗ ಶುರುವಾಗುತ್ತದೆ.

ಆ ಗಾಬರಿಯನ್ನು ಅರ್ಥ ಮಾಡಿಕೊಳ್ಳಬೇಕು. ಸಂದರ್ಶನದಿಂದ ಒಳ್ಳೆಯ ವೈದ್ಯರನ್ನು ಆರಿಸಬಹುದು ಎಂಬ ನಂಬಿಕೆಯೇ ಅಷ್ಟು ಗಟ್ಟಿಯಲ್ಲ. 1979ರಲ್ಲಿ ಹ್ಯೂಸ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲು ಸುಮಾರು 800 ಮಂದಿಯನ್ನು ಸಂದರ್ಶಿಸಿ, ಕ್ರಮಾಂಕ ಕೊಟ್ಟು, ಮೇಲಿನವರಿಂದ 150 ಮಂದಿಯನ್ನು ಸೇರಿಸಿಕೊಂಡಿತ್ತು. ಆಮೇಲೆ ರಾಜ್ಯದ ಶಾಸನಸಭೆ ಇನ್ನೂ 50 ಸೀಟು ಹೆಚ್ಚಿಸಿ ಎಂದಿತು. ಅಷ್ಟು ಹೊತ್ತಿಗೆ ಮೇಲಿನವರು ಬೇರೆಡೆ ಸೇರಿಯಾಗಿತ್ತು. ಪಟ್ಟಿಯ ಕೆಳಗಿನವರನ್ನೇ ಕರೆಯಬೇಕಾಯಿತು. ಓದು ಮುಗಿದ ಮೇಲೆ ಎರಡೂ ಗುಂಪನ್ನು ಹೋಲಿಸಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದು ವೈದ್ಯಕೀಯ ಕಾಲೇಜಿನ ಮಾತು ನಿಜ, ಆದರೆ ಆಪ್ಟೊಮೆಟ್ರಿಯ ಸಂದರ್ಶನ ಬೇರೆ ಮಣ್ಣಿನಿಂದ ಆದದ್ದೇನಲ್ಲ. ಒಬ್ಬಿಬ್ಬರು ಅಧ್ಯಾಪಕರು ಅರ್ಧ ಗಂಟೆ ಮಾತಾಡಿಸಿ ಮೂಡಿಸಿಕೊಂಡ ಅಭಿಪ್ರಾಯಕ್ಕೆ ಇಷ್ಟು ತೂಕ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಹೀಗಿರುವಾಗ ಅಭ್ಯರ್ಥಿಗಳು ಆ ಅರ್ಧ ಗಂಟೆಯನ್ನು ಹೇಗಾದರೂ ಗೆಲ್ಲಬೇಕೆಂದು ಬಾಯಿಪಾಠಕ್ಕೆ ಬೀಳುವುದರಲ್ಲಿ ಆಶ್ಚರ್ಯವೇನಿದೆ?

ಹಾಗಾದರೆ ತಯಾರಿಯೇ ವ್ಯರ್ಥವೇ? ಅಲ್ಲ. ಅದಕ್ಕೆ ಕಾರಣ ಹೇಳಲು ತಪಾಸಣೆಯ ಕೋಣೆಗೇ ಹೋಗಬೇಕು.

ಅರೆಗತ್ತಲು. ಗೋಡೆಯ ಮೇಲೆ ಅಕ್ಷರದ ಸಾಲು. ರೋಗಿಯ ಮುಖದ ಮುಂದೆ ಮಸೂರಗಳನ್ನು ಬದಲಿಸಿ ತೋರಿಸುವ ಫೊರಾಪ್ಟರ್ ಯಂತ್ರ. ಅಸ್ಟಿಗ್ಮ್ಯಾಟಿಸಂನ, ಎಂದರೆ ಕಣ್ಣಿನ ಬಾಗು ಎಲ್ಲ ದಿಕ್ಕಿನಲ್ಲೂ ಸಮನಾಗಿರದ ದೋಷದ, ಕೋನ ಸರಿಯಾಗಿದೆಯೇ ಎಂದು ನೋಡಲು ಆಪ್ಟೊಮೆಟ್ರಿಸ್ಟ್ ಕ್ರಾಸ್ ಸಿಲಿಂಡರ್ ಎಂಬ ಪುಟ್ಟ ಮಸೂರವನ್ನು ತಿರುಗಿಸುತ್ತಾರೆ. ‘ಒಂದನೆಯದು ಚೆನ್ನಾಗಿದೆಯಾ, ಎರಡನೆಯದಾ?’ ರೋಗಿ ಒಂದು ಎನ್ನುತ್ತಾರೆ. ಕೋನ ಸ್ವಲ್ಪ ಸರಿಯುತ್ತದೆ. ಮತ್ತೆ ಅದೇ ಪ್ರಶ್ನೆ. ಈಗ ಎರಡು. ಇನ್ನೂ ಸ್ವಲ್ಪ ಹಿಂದಕ್ಕೆ. ಹೀಗೆ ಸರಿಯುತ್ತಾ ಸರಿಯುತ್ತಾ ವ್ಯತ್ಯಾಸ ಕಿರಿದಾಗಿ, ಕೊನೆಗೆ ಎರಡೂ ಒಂದೇ ಸಮನೆ ಕಾಣುವ ಜಾಗ ಬರುತ್ತದೆ. ನಿಲ್ಲಬೇಕಾದ್ದು ಅಲ್ಲೇ. ಹುಡುಕುತ್ತಿದ್ದ ಕೋನ ಅದು. ಆದರೆ ಆ ಹೊತ್ತಿಗೆ ರೋಗಿಗೆ ತಾನು ಪರೀಕ್ಷೆಯಲ್ಲಿ ಫೇಲಾಗುತ್ತಿದ್ದೇನೆ ಎಂಬ ಅಳುಕು ಹುಟ್ಟಿರುತ್ತದೆ. ಎರಡೂ ಒಂದೇ ಎಂದರೆ ಡಾಕ್ಟರು ಏನಂದುಕೊಳ್ಳುತ್ತಾರೋ ಎಂದು, ಕಾಣದ ವ್ಯತ್ಯಾಸವನ್ನು ಊಹಿಸಿ ‘ಒಂದು’ ಎಂದುಬಿಡುತ್ತಾರೆ. ಅನುಭವಿಗಳು ಶುರುವಿನಲ್ಲೇ ಹೇಳಿರುತ್ತಾರೆ: ಎರಡೂ ಸಮ ಅನ್ನಿಸಿದರೆ ಹಾಗೆಯೇ ಹೇಳಿ, ಅದೂ ಉತ್ತರವೇ. ತಡವರಿಕೆ ಕೇಳಿದರೆ ಮೊದಲಿನ ಜೋಡಿಯನ್ನೇ ಇನ್ನೊಮ್ಮೆ ತೋರಿಸಿ ಪರೀಕ್ಷಿಸುತ್ತಾರೆ. ಕಾಲು ಡಯಾಪ್ಟರಿನ ವ್ಯತ್ಯಾಸ ಹಿಡಿಯಲಾಗದ ಮಂದ ಕಣ್ಣಿಗೆ ಅರ್ಧ ಡಯಾಪ್ಟರಿನ ಮಸೂರ ತೆಗೆಯುತ್ತಾರೆ. ಯಂತ್ರ ಮಾಡಲಾಗದ ಕೆಲಸ ಇದು: ಉತ್ತರವನ್ನಷ್ಟೇ ಅಲ್ಲ, ಅದು ಕಂಡು ಹೇಳಿದ್ದೋ ಊಹಿಸಿ ಹೇಳಿದ್ದೋ ಎಂಬುದನ್ನೂ ಕೇಳಿಸಿಕೊಳ್ಳುವುದು.

ಸಂದರ್ಶನದ ಮೇಜಿನ ಆಚೆ ಕೂತವರಲ್ಲಿ ಅನೇಕರು ದಿನವೂ ಇದನ್ನೇ ಮಾಡುವವರು. ಅವರ ಮುಂದೆ ಅಭ್ಯರ್ಥಿ ಆ ರೋಗಿಯ ಸ್ಥಿತಿಯಲ್ಲೇ ಇರುತ್ತಾನೆ. ಅವರಿಗೆ ಯಾವ ಉತ್ತರ ಬೇಕೋ ಎಂದು ಊಹಿಸುತ್ತಾ ಕೂತವನ ಮಾತಿನಲ್ಲಿ ಅವನು ಕಂಡದ್ದೇನೂ ಉಳಿಯುವುದಿಲ್ಲ. ‘ಇದು ನನಗೆ ಗೊತ್ತಿಲ್ಲ, ಆದರೆ ಹೀಗೆ ಯೋಚಿಸುತ್ತೇನೆ’ ಎನ್ನುವ ಧೈರ್ಯ ಬಂದರೆ ತಯಾರಿ ಕೈಹಿಡಿದ ಹಾಗೆ.

ಆ ಧೈರ್ಯ ಬರುವುದು ಕ್ಲಿನಿಕ್ಕಿನಲ್ಲಿ ಕೂತು ನೋಡಿದ ದಿನಗಳಿಂದ. ‘ಶ್ಯಾಡೋಯಿಂಗ್’ ಎಂದು ಕರೆಯುವ ಈ ಕೆಲಸವನ್ನು ಅರ್ಜಿಯಲ್ಲಿ ಗಂಟೆಗಳ ಲೆಕ್ಕದಲ್ಲಿ ತುಂಬಿಸುತ್ತಾರೆ, ಲೆಕ್ಕ ತುಂಬಿದ ಮೇಲೆ ಮರೆಯುತ್ತಾರೆ. ನನಗೆ ಗೊತ್ತಿರುವ ಅತ್ಯಂತ ಪ್ರಯೋಜನಕಾರಿ ತಯಾರಿ ಒಂದು ಸಾದಾ ನೋಟ್‌ಬುಕ್ಕು. ರೋಗಿಯ ಹೆಸರು ಬೇಡ. ಏನೆಂದು ದೂರಿಕೊಂಡು ಬಂದರು, ಡಾಕ್ಟರು ಕೇಳಿದ ಯಾವ ಪ್ರಶ್ನೆಯಿಂದ ನಿಜವಾದ ತೊಂದರೆ ಹೊರಬಿತ್ತು, ನನಗೆ ಏನು ಅರ್ಥವಾಗಲಿಲ್ಲ, ಇಷ್ಟು ಸಾಕು. ಓದುವ ಕನ್ನಡಕ ಬದಲಿಸಬೇಕು ಎಂದು ಬಂದ ಐವತ್ತರ ಹೆಂಗಸಿನ ಸಕ್ಕರೆ ಕಾಯಿಲೆ ಕಣ್ಣಿನ ಹಿಂಪರದೆಯಲ್ಲಿ ಮೊದಲು ಕಾಣಿಸಬಹುದು. ಅದನ್ನು ಅವರಿಗೆ ಹೇಗೆ ಹೇಳಿದರು, ಹೇಳುವಾಗ ದೀಪ ಹಾಕಿದರೋ ಇಲ್ಲವೋ, ಕಂಪ್ಯೂಟರಿನಿಂದ ಮುಖ ತಿರುಗಿಸಿದರೋ ಇಲ್ಲವೋ ಎಂದು ಗಮನಿಸಿ ಬರೆದಿಟ್ಟವನಿಗೆ ಮಾದರಿ ಉತ್ತರ ಬೇಕಾಗುವುದಿಲ್ಲ. ಒಂದೇ ಕ್ಲಿನಿಕ್ಕಿಗೆ ನೂರು ಗಂಟೆ ಹೋಗುವ ಬದಲು ಒಂದು ಖಾಸಗಿ ಕ್ಲಿನಿಕ್ಕು, ಮಾಲ್‌ನಲ್ಲಿರುವ ಒಂದು ಸರಪಳಿ ಅಂಗಡಿ, ಮಾಜಿ ಸೈನಿಕರ ಆಸ್ಪತ್ರೆಯ ಕಣ್ಣಿನ ವಿಭಾಗ, ಮಂದದೃಷ್ಟಿಯವರ ಕೇಂದ್ರ, ಹೀಗೆ ಹಂಚಿಕೊಂಡು ನೋಡಿದರೆ ವೃತ್ತಿಯ ಹರಹು ತಿಳಿಯುತ್ತದೆ.

ಇಲ್ಲಿ ನಮ್ಮವರ ಮಕ್ಕಳ ಒಂದು ವಿಶೇಷ ಕಷ್ಟವನ್ನೂ ಹೇಳಬೇಕು. ಅಮೆರಿಕದ ಕನ್ನಡ ಮನೆಗಳಿಂದ ಬರುವ ಅಭ್ಯರ್ಥಿಗಳ ಬಳಿ ಅಜ್ಜ ಅಜ್ಜಿಯ ಪೊರೆ ಶಸ್ತ್ರಚಿಕಿತ್ಸೆಯ ಕಥೆ ಇರುತ್ತದೆ. ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳ ನಾಡಿನವರಿಗೆ ಅದು ಸಹಜ. ಶಾಲೆಯ ಹಜಾರದಲ್ಲಿ ಸಾಲಾಗಿ ಮಲಗಿ ಕಣ್ಣು ಪಡೆದುಕೊಂಡವರ ನೆನಪು ಎಷ್ಟೋ ಮನೆಗಳಲ್ಲಿದೆ. ಆದರೆ ಸಂದರ್ಶಕರು ತಕ್ಷಣ ಕೇಳುತ್ತಾರೆ: ಪೊರೆ ತೆಗೆಯುವುದು ನೇತ್ರ ಶಸ್ತ್ರವೈದ್ಯರ ಕೆಲಸ, ಹಾಗಾದರೆ ನೀನು ಮೆಡಿಕಲ್ ಕಾಲೇಜಿಗೆ ಯಾಕೆ ಹೋಗಲಿಲ್ಲ? ಮನೆಯಲ್ಲೂ ಇದೇ ಪ್ರಶ್ನೆಯನ್ನು ಕೇಳಿ ಕೇಳಿ ಸಾಕಾದ ಮಗು ಅಲ್ಲಿ ತಬ್ಬಿಬ್ಬಾಗುತ್ತದೆ. ಆ ಅಜ್ಜಿಯ ಕಥೆಯಲ್ಲೇ ಉತ್ತರ ಇದೆ, ಸರಿಯಾದ ಭಾಗವನ್ನು ಹೇಳಿದರೆ. ಪೊರೆ ಬಲಿತಿದೆ ಎಂದು ಕಂಡುಹಿಡಿದು ಕಳಿಸುವುದು, ಆಪರೇಷನ್ ಆದ ಮೇಲೆ ಮತ್ತೆ ಮತ್ತೆ ನೋಡುವುದು, ಕೊನೆಗೆ ಅವರಿಗೆ ಪೇಪರು ಓದಲು ಕನ್ನಡಕ ಕೊಡುವುದು ಬಹಳಷ್ಟು ಕಡೆ ಆಪ್ಟೊಮೆಟ್ರಿಸ್ಟರ ಪಾಲಿನದು. ಹದಿನೈದು ನಿಮಿಷದ ಆಪರೇಷನ್ನಿಗಿಂತ ಹದಿನೈದು ವರ್ಷದ ಒಡನಾಟ ಇಷ್ಟ ಎನ್ನುವವನು ಈ ವೃತ್ತಿಗೆ ತಕ್ಕವನು. ಮನಸ್ಸಿನಲ್ಲಿ ಆಪರೇಷನ್ ಥಿಯೇಟರೇ ಇದ್ದರೆ ಅದನ್ನು ಸಂದರ್ಶನಕ್ಕೆ ಮುಂಚೆ ಕಂಡುಕೊಳ್ಳುವುದು ಒಳ್ಳೆಯದು.

ಇನ್ನು ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಪ್ಟೊಮೆಟ್ರಿ ಓದಿ ಅಮೆರಿಕದಲ್ಲಿ ಮತ್ತೆ ಅರ್ಜಿ ಹಾಕುವವರು. ಹಳ್ಳಿ ಶಿಬಿರಗಳಲ್ಲಿ ಒಂದು ಬೆಳಗಿನಲ್ಲಿ ಎಷ್ಟು ಜನರ ಕಣ್ಣು ನೋಡಿದೆವು ಎಂಬ ಸಂಖ್ಯೆಯನ್ನು ಇವರು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆಗೆ ಅರ್ಹವಾದದ್ದೇ. ಆದರೂ ಅಕ್ಷರ ಬಾರದ ಒಬ್ಬ ಮುದುಕನಿಗೆ ಇಂಗ್ಲಿಷಿನ ‘ಇ’ ಆಕಾರದ ಚಾರ್ಟು ತೋರಿಸಿ, ಬೆರಳಿನಿಂದ ದಿಕ್ಕು ಹೇಳಿಸಿ ನಂಬರು ಹಿಡಿದದ್ದನ್ನು ವಿವರವಾಗಿ ಹೇಳಿದರೆ ಆ ಸಂಖ್ಯೆಗಿಂತ ಹೆಚ್ಚು ಗೊತ್ತಾಗುತ್ತದೆ.

ಅಣಕು ಸಂದರ್ಶನವನ್ನು ನಾನು ತಳ್ಳಿಹಾಕುವುದಿಲ್ಲ. ವಿಡಿಯೊ ಮಾಡಿಕೊಂಡು ನೋಡಿದರೆ ವೇಗ, ತೊದಲು, ಎದುರಿನವರ ಮಾತು ಮುಗಿಯುವ ಮುಂಚೆ ಬಾಯಿ ಹಾಕುವ ಚಟ ಎಲ್ಲ ಕಾಣಿಸುತ್ತವೆ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಬೆಳೆದವರಿಗೆ ತಾನು ಮಾಡಿದ ಕೆಲಸವನ್ನು ನೇರವಾಗಿ ಹೇಳುವ ಅಭ್ಯಾಸವೂ ಬೇಕು. ಕೆಡುವುದು ಎಲ್ಲಿ ಎಂದರೆ, ಪ್ರತಿ ಉತ್ತರವೂ ಸಂದರ್ಭ, ಹೊಣೆ, ಕ್ರಿಯೆ, ಫಲ ಎಂಬ ಒಂದೇ ಅಚ್ಚಿನಲ್ಲಿ ಬಂದು, ಎಲ್ಲ ಸೋಲೂ ಗೆಲುವಿನಲ್ಲೇ ಮುಗಿಯತೊಡಗಿದಾಗ. ನಿನ್ನ ದೌರ್ಬಲ್ಯ ಏನು ಎಂದರೆ ‘ನಾನು ಎಲ್ಲವೂ ಪರಿಪೂರ್ಣವಾಗಿರಬೇಕು ಎನ್ನುವವಳು’ ಎಂಬ ಸವಕಲು ಉತ್ತರ ಈ ಅಚ್ಚಿನ ಮಗು.

ಕೆಲವು ಕಾಲೇಜುಗಳು ಹಿಡಿದಿರುವ ಬಹುಕಿರು ಸಂದರ್ಶನದ ಪದ್ಧತಿ, ಎಂದರೆ ಎಂಎಂಐ, ಈ ರೋಗಕ್ಕೆ ಒಂದು ಮಟ್ಟಿಗೆ ಮದ್ದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ಈ ಶತಮಾನದ ಆರಂಭದಲ್ಲಿ ಹುಟ್ಟಿದ್ದು. ಬಾಗಿಲಿನ ಮೇಲೆ ಒಂದು ಸನ್ನಿವೇಶ ಅಂಟಿಸಿರುತ್ತದೆ. ಓದಲು ಸುಮಾರು ಎರಡು ನಿಮಿಷ, ಒಳಗೆ ಮಾತಾಡಲು ಕೆಲವೇ ನಿಮಿಷ, ಗಂಟೆ ಬಾರಿಸಿದರೆ ಮುಂದಿನ ಕೋಣೆ, ಬೇರೆ ಸಂದರ್ಶಕರು. ಒಬ್ಬರ ಮೆಚ್ಚುಗೆ ಅಥವಾ ಮುನಿಸಿನಿಂದ ಹಣೆಬರಹ ನಿರ್ಧಾರವಾಗುವುದಿಲ್ಲ. ಹಳೆಯ ಪದ್ಧತಿಗಿಂತ ಇದು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಅಲ್ಲಿ ಬರಬಹುದಾದ ಒಂದು ಸನ್ನಿವೇಶ ನೋಡಿ. ಹೆಂಡತಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಎಂಬತ್ತರ ಹತ್ತಿರದ ಗಂಡಸು, ಡ್ರೈವಿಂಗ್ ಲೈಸೆನ್ಸಿನ ಫಾರಂ ಹಿಡಿದು ಬಂದಿದ್ದಾರೆ. ಬಹುಪಾಲು ರಾಜ್ಯಗಳಲ್ಲಿ ನಿರ್ಬಂಧವಿಲ್ಲದ ಲೈಸೆನ್ಸಿಗೆ 20/40 ದೃಷ್ಟಿ ಬೇಕು. ಅವರದು ಒಳ್ಳೆಯ ಕನ್ನಡಕದಲ್ಲೂ 20/60. ಸಹಿ ಹಾಕಿಕೊಡಿ ಎನ್ನುತ್ತಾರೆ. ಬಾಯಿಪಾಠ ಮಾಡಿದವನು ವೈದ್ಯನೀತಿಯ ನಾಲ್ಕು ತತ್ವಗಳನ್ನು ಒಪ್ಪಿಸಿ, ಸಹಿ ಹಾಕುವುದಿಲ್ಲ ಎಂದು ಮುಗಿಸುತ್ತಾನೆ. ಸುಳ್ಳು ಬರೆದುಕೊಡಬಾರದು ಎನ್ನುವುದು ಸರಿ, ಆದರೆ ಆ ಮನುಷ್ಯ ನಾಳೆ ಬೆಳಿಗ್ಗೆ ಏನು ಮಾಡಬೇಕು? ದೃಷ್ಟಿ ಕುಂದಿದ್ದು ಯಾಕೆ, ಪೊರೆಯಾದರೆ ತೆಗೆಸಬಹುದಲ್ಲ? ಹಗಲಿಗೆ ಮಾತ್ರ ಸೀಮಿತವಾದ ಲೈಸೆನ್ಸ್ ಆ ರಾಜ್ಯದಲ್ಲಿದೆಯೇ? ಡಯಾಲಿಸಿಸ್ ಕೇಂದ್ರದವರು ವಾಹನದ ಏರ್ಪಾಡು ಮಾಡಿಸುತ್ತಾರೆಯೇ? ಈ ಪ್ರಶ್ನೆಗಳು ಹೊಳೆಯುವುದು ಇಂಥ ಒಬ್ಬರನ್ನಾದರೂ ಹತ್ತಿರದಿಂದ ಕಂಡವನಿಗೆ.

ವೃತ್ತಿಯ ಆಗುಹೋಗು ತಿಳಿದಿರಬೇಕು ಎಂಬುದು ನಿರ್ವಿವಾದ. 1998ರಲ್ಲಿ ಓಕ್ಲಹೋಮ ಆಪ್ಟೊಮೆಟ್ರಿಸ್ಟರಿಗೆ ಕೆಲವು ಲೇಸರ್ ಚಿಕಿತ್ಸೆಗಳ ಅಧಿಕಾರ ಕೊಟ್ಟಿತು, 2011ರಲ್ಲಿ ಕೆಂಟಕಿ; ನೇತ್ರ ಶಸ್ತ್ರವೈದ್ಯರ ಸಂಘಟನೆಗಳ ವಿರೋಧ ಇವತ್ತಿಗೂ ನಿಂತಿಲ್ಲ. ಈ ಜಗಳದಲ್ಲಿ ಅಭ್ಯರ್ಥಿಗೆ ಒಂದು ನಿಲುವಿರಲಿ, ಎದುರು ಪಕ್ಷದ ಅತ್ಯುತ್ತಮ ವಾದವೂ ತಿಳಿದಿರಲಿ.

ತಯಾರಿಯಲ್ಲಿ ತೀರಾ ಕಡೆಗಣಿಸಲ್ಪಡುವುದು ಅಭ್ಯರ್ಥಿ ಕೇಳಬೇಕಾದ ಪ್ರಶ್ನೆಗಳು. ಕೊನೆಯಲ್ಲಿ ‘ನಿನಗೇನಾದರೂ ಕೇಳುವುದಿದೆಯೇ?’ ಎಂದಾಗ ಬಹಳಷ್ಟು ಮಂದಿ ಊರಿನ ಹವಾಮಾನವನ್ನೋ ಕಾಲೇಜಿನ ಕ್ಲಬ್ಬುಗಳನ್ನೋ ವಿಚಾರಿಸಿ ಏಳುತ್ತಾರೆ. ಓದು ಮುಗಿಯುವ ಹೊತ್ತಿಗೆ ಎರಡು ಲಕ್ಷ ಡಾಲರಿನ ಆಸುಪಾಸು ಸಾಲ ಹೊತ್ತಿರುವುದು ಈ ಕ್ಷೇತ್ರದಲ್ಲಿ ಅಪರೂಪವಲ್ಲ. ಲೈಸೆನ್ಸಿಗೆ ರಾಷ್ಟ್ರೀಯ ಮಂಡಳಿಯ ಮೂರು ಭಾಗದ ಪರೀಕ್ಷೆ ಪಾಸಾಗಬೇಕು, ಯಾವ ಕಾಲೇಜಿನವರು ಎಷ್ಟು ಮಂದಿ ಪಾಸಾದರು ಎಂಬ ಅಂಕಿಅಂಶ ಬಹಿರಂಗವಾಗಿಯೇ ಸಿಗುತ್ತದೆ. ಅದನ್ನು ನೋಡಿಕೊಂಡು ಹೋಗಿ, ಕಡಿಮೆಯಿದ್ದರೆ ಯಾಕೆ ಎಂದು ವಿನಯದಿಂದ ಕೇಳುವ ಹಕ್ಕು ವಿದ್ಯಾರ್ಥಿಗಿದೆ. ಮೂರನೆಯ ವರ್ಷದಲ್ಲಿ ನಾನೇ ಸ್ವತಃ ಎಷ್ಟು ರೋಗಿಗಳನ್ನು ನೋಡುತ್ತೇನೆ, ಒಬ್ಬ ಅಧ್ಯಾಪಕರ ಕೈಕೆಳಗೆ ಎಷ್ಟು ಮಂದಿ ಇರುತ್ತೇವೆ, ನಾನು ಬರೆದ ನಂಬರು ತಪ್ಪಾಗಿದ್ದರೆ ರೋಗಿ ಮನೆಗೆ ಹೋಗುವ ಮುಂಚೆ ಅದನ್ನು ಯಾರು ನೋಡುತ್ತಾರೆ? ಇವನ್ನು ಕೇಳಿದಾಗ ಬರುವ ಉತ್ತರವನ್ನು ಹೊರಬಂದ ಕೂಡಲೇ ಬರೆದಿಟ್ಟುಕೊಳ್ಳಬೇಕು. ಎರಡು ಮೂರು ಕಡೆ ಸೀಟು ಸಿಕ್ಕಿ, ಠೇವಣಿ ಕಟ್ಟುವ ದಿನ ಹತ್ತಿರ ಬಂದಾಗ, ಯಾವ ಕಾಲೇಜು ಎಂದು ತೀರ್ಮಾನಿಸಲು ಆ ಟಿಪ್ಪಣಿಯೇ ಬೇಕಾಗುತ್ತದೆ.