ಮಾತು ಬಲ್ಲ ಸೀಮೆಯಲ್ಲಿ ಚಿತ್ರ ನೋಡುವ ಕಣ್ಣು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸಿನಿಮಾ ಬಗ್ಗೆ ಮಾತಾಡುವವರಿಗೆ ಬರವಿಲ್ಲ. ಮದುವೆ ಮನೆಯ ಜಗುಲಿಯಲ್ಲಿ ಕವಳದ ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಒಂದು ಚಿತ್ರದ ನ್ಯಾಯ-ಅನ್ಯಾಯ ಇತ್ಯರ್ಥವಾಗಿರುತ್ತದೆ. ನಾಯಕಿ ಮಾಡಿದ್ದು ಸರಿಯೇ, ಕೊನೆಯಲ್ಲಿ ಹಾಗೆ ಆಗಬೇಕಿತ್ತೇ, ಮೂಲ ಕಾದಂಬರಿಯಲ್ಲಿ ಹೀಗಿತ್ತಲ್ಲ ಎಂದು ವಾದ ಕಟ್ಟುವವರಲ್ಲಿ ತೋಟದವರಿದ್ದಾರೆ, ಮೇಷ್ಟರಿದ್ದಾರೆ, ಸೊಸೈಟಿಯಲ್ಲಿ ಲೆಕ್ಕ ಬರೆಯುವವರಿದ್ದಾರೆ. ಇಷ್ಟು ಚೆನ್ನಾಗಿ ಮಾತು ಬಲ್ಲ ಸೀಮೆ ಕನ್ನಡದಲ್ಲಿ ಬಹಳ ಇಲ್ಲ. ಆದರೆ ಈ ಮಾತಿನಲ್ಲಿ ಚಿತ್ರ ಎಷ್ಟಿದೆ? ಪರದೆಯ ಮೇಲೆ ಕಂಡದ್ದು, ಕಿವಿಗೆ ಬಿದ್ದದ್ದು, ಕಾಣದಂತೆ ಬಿಟ್ಟದ್ದು ಚರ್ಚೆಗೆ ಬರುವುದು ಅಪರೂಪ. ಕತೆ ಬರುತ್ತದೆ, ಸಮಸ್ಯೆ ಬರುತ್ತದೆ, ಸಂದೇಶ ಬರುತ್ತದೆ. ಸಿನಿಮಾ ಮಾತ್ರ ಹೊರಗೇ ಉಳಿಯುತ್ತದೆ.

ಈ ಕೊರತೆಯನ್ನು ಎತ್ತಿ ಹೇಳಲು ಕಾರಣವಿದೆ. ಭಾರತದ ಹಳ್ಳಿಗಳಲ್ಲಿ ಸಿನಿಮಾ ಚರ್ಚೆಯ ಅತಿ ಗಂಭೀರ ಪ್ರಯತ್ನಗಳಲ್ಲೊಂದು ನಡೆದದ್ದು ನಮ್ಮ ಪಕ್ಕದಲ್ಲೇ, ಸಿದ್ದಾಪುರದ ಗಡಿ ದಾಟಿದರೆ ಸಿಗುವ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. 1949ರಲ್ಲಿ ಹುಟ್ಟಿದ ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಅದಾಗಲೇ ಅಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಬಂದು ಪಾಠ ಮಾಡಿದರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಟ್ಟಿದ ಪಿ.ಕೆ. ನಾಯರ್ ಪುಣೆಯಿಂದ ಚಿತ್ರಗಳ ಡಬ್ಬಿಗಳನ್ನು ಅಡಿಕೆ ತೋಟಗಳ ನಡುವೆ ತರಿಸಿದರು. ಶಿವೇಂದ್ರ ಸಿಂಗ್ ಡುಂಗರ್‌ಪುರ್ ನಾಯರ್ ಮೇಲೆ 2012ರಲ್ಲಿ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಹೆಗ್ಗೋಡಿಗೂ ಬರುತ್ತದೆ. ಜಗತ್ತಿನ ದೊಡ್ಡ ಚಿತ್ರಗಳನ್ನು ನೋಡಿದ ಹಳ್ಳಿಯವರು ಅದರಲ್ಲಿ ತಮ್ಮ ಮಾತಿನಲ್ಲೇ ಆ ಚಿತ್ರಗಳನ್ನು ನೆನೆಯುತ್ತಾರೆ.

ಇದರ ಹಿಂದಿದ್ದ, ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರ ವಿಚಾರ ಸರಳವಾಗಿತ್ತು, ಆದರೆ ಆ ಕಾಲಕ್ಕೆ ದೊಡ್ಡ ಧೈರ್ಯ ಬೇಡುವಂಥದ್ದು. ಒಳ್ಳೆಯ ಚಿತ್ರ ಪೇಟೆಯ ಓದಿದವರ ಸೊತ್ತಲ್ಲ; ತೋರಿಸುವ ಕ್ರಮದಲ್ಲಿ ತೋರಿಸಿ, ಬಳಿಕ ಕೂತು ಮಾತಾಡಿದರೆ ಯಾವ ಹಳ್ಳಿಗೂ ಅದು ದಕ್ಕುತ್ತದೆ ಎಂದು ಅವರು ನಂಬಿದರು. ಹಳ್ಳಿಯವರಿಗೆ ಏನು ತಿಳಿದೀತು ಎಂಬ ತಾತ್ಸಾರವನ್ನು ಅವರು ಒಪ್ಪಲಿಲ್ಲ. ಹಳ್ಳಿಯವರಿಗೆ ಎಲ್ಲ ತಿಳಿದೇ ಇದೆ ಎಂಬ ಮುಖಸ್ತುತಿಯನ್ನೂ ಒಪ್ಪಲಿಲ್ಲ. ನೋಡುವುದನ್ನು ಕಲಿಯಬೇಕು, ಯಾರು ಬೇಕಾದರೂ ಕಲಿಯಬಹುದು ಎಂಬುದು ಅವರ ನಿಲುವು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಗೌರವ ಸಂದದ್ದು ಈ ನಿಲುವಿಗೂ ಹೌದು.

ಕಲಿಸುವ ರೀತಿಗೆ ಒಂದು ಉದಾಹರಣೆ ಸಾಕು. ಬಹಾದುರ್ ಅವರ ನೆಚ್ಚಿನ ಪಠ್ಯ ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ (1955). ಆ ಚಿತ್ರವನ್ನು ಅವರು ದೃಶ್ಯ ದೃಶ್ಯವಾಗಿ ಬಿಡಿಸುತ್ತಿದ್ದರು. ಊರಿಗೆ ಮರಳಿದ ಹರಿಹರ ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗಿಡುವ ಘಟ್ಟ ನೆನಪಿಸಿಕೊಳ್ಳಿ. ಮಗಳು ದುರ್ಗಾ ಸತ್ತದ್ದು ಅವನಿಗೆ ಗೊತ್ತಿಲ್ಲ. ಸರ್ಬಜಯಾ ಕುಸಿಯುತ್ತಾಳೆ, ಬಾಯಿ ತೆರೆಯುತ್ತಾಳೆ, ಅಳು ಮಾತ್ರ ಕೇಳುವುದಿಲ್ಲ. ಆ ಜಾಗದಲ್ಲಿ ತಾರ್ ಶಹನಾಯಿಯ ಏರುದನಿ ಬರುತ್ತದೆ. ತಾಯಿಯ ರೋದನವನ್ನು ಹಾಗೇ ಕೇಳಿಸಿದ್ದರೆ ಅದು ಆ ಒಬ್ಬ ಹೆಂಗಸಿನ ಸಂಕಟವಾಗಿ ಉಳಿಯುತ್ತಿತ್ತು, ನಾವು ಅಯ್ಯೋ ಎನ್ನುತ್ತಿದ್ದೆವು. ದನಿ ಕಿತ್ತುಕೊಂಡದ್ದರಿಂದ ಆ ಖಾಲಿಯನ್ನು ನಾವೇ ತುಂಬಬೇಕಾಗುತ್ತದೆ, ಪ್ರತಿಯೊಬ್ಬರೂ ತಾವು ಕೇಳಿದ ಅಳುವಿನಿಂದ. ಕತೆಯನ್ನು ಎಷ್ಟು ಸಲ ಹೇಳಿದರೂ ಇದು ಸಿಗದು. ಇಂಥದನ್ನು ಒಮ್ಮೆ ಗಮನಿಸಿದ ಪ್ರೇಕ್ಷಕ ಮುಂದಿನ ಚಿತ್ರವನ್ನು ಬೇರೆ ಕಿವಿಯಿಂದ ಕೇಳುತ್ತಾನೆ. ಚಿತ್ರಸಮಾಜದ ಸಾರ್ಥಕತೆ ಇರುವುದು ಇಲ್ಲಿ.

ಇಷ್ಟಾಗಿಯೂ ನಮ್ಮ ಚರ್ಚೆ ಕತೆಗೇ ಯಾಕೆ ಮರಳುತ್ತದೆ? ನನ್ನ ಮಟ್ಟಿಗೆ ಉತ್ತರ ತಾಳಮದ್ದಳೆಯಲ್ಲಿದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಚೆಂಡೆ-ಮದ್ದಳೆಯ ಎದುರು ಪಂಚೆ-ಶಾಲಿನಲ್ಲಿ ಕೂತು ಬರೀ ಮಾತಿನಿಂದ ಕುರುಕ್ಷೇತ್ರ ಕಟ್ಟುವ ಕಲೆ ಅದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ರಾತ್ರಿಯಿಡೀ ಕೇಳಿ, ಬೆಳಗ್ಗೆ ಮನೆಗೆ ನಡೆಯುವಾಗ ಭೀಷ್ಮನ ವಾದ ಎಲ್ಲಿ ಸಡಿಲವಾಯಿತು, ಕೃಷ್ಣ ಯಾವ ಮಾತಿಗೆ ಸಿಕ್ಕಿಬಿದ್ದ ಎಂದು ತೂಗಿದ ಜನ ನಾವು. ನಮ್ಮ ವಿಮರ್ಶೆಯ ಮೊದಲ ಶಾಲೆ ಇದು. ಪಾತ್ರದ ಪಕ್ಷ ಹಿಡಿದು ವಾದಿಸುವುದು, ಎದುರಾಳಿಯ ಮಾತನ್ನು ಅವನ ಮೇಲೇ ತಿರುಗಿಸುವುದು, ಒಂದು ಧರ್ಮಸಂಕಟವನ್ನು ನಾಲ್ಕೂ ಕಡೆಯಿಂದ ನೋಡುವುದು ನಮಗೆ ಬಂದದ್ದು ಅಲ್ಲಿಂದ. ಸಿನಿಮಾ ನೋಡಿ ಬಂದಾಗಲೂ ನಾವು ಮಾಡುವುದು ಅದನ್ನೇ, ಪಾತ್ರಗಳಿಗೆ ಅರ್ಥ ಹೇಳುವುದನ್ನು. ಅದು ದೊಡ್ಡ ಶಕ್ತಿ. ಆದರೆ ಪಾತ್ರ ಬಾಯಿ ಬಿಡದ ಕಡೆ ಈ ಶಕ್ತಿ ಕೈಕೊಡುತ್ತದೆ. ಸಿನಿಮಾದ ಮುಖ್ಯ ಘಳಿಗೆಗಳು ಬಹುಪಾಲು ಬರುವುದು ಅಂಥ ಕಡೆಯೇ.

‘ಘಟಶ್ರಾದ್ಧ’ದ ಕೊನೆಯನ್ನು ನೋಡಿ. ಹೆಗ್ಗೋಡಿನ ಸುಬ್ಬಣ್ಣನವರ ಸೋದರಳಿಯ ಗಿರೀಶ ಕಾಸರವಳ್ಳಿ ಅನಂತಮೂರ್ತಿಯವರ ಕತೆ ಆಧರಿಸಿ 1977ರಲ್ಲಿ ಮಾಡಿದ ಮೊದಲ ಚಿತ್ರ ಇದು. ಸದಾನಂದ ಸುವರ್ಣರ ನಿರ್ಮಾಣ, ಎಸ್. ರಾಮಚಂದ್ರರ ಕಪ್ಪು-ಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ವೇದಪಾಠಕ್ಕೆ ಬಂದ ಹುಡುಗ ನಾಣಿ, ಗುರು ಉಡುಪರ ವಿಧವೆ ಮಗಳು ಯಮುನೆಯ ಆಸರೆಯಲ್ಲಿ ಇರುತ್ತಾನೆ. ಶಾಲೆಯ ಮೇಷ್ಟರಿಂದ ಬಸಿರಾದ ಅವಳನ್ನು ಅಗ್ರಹಾರ ಹೊರಹಾಕುತ್ತದೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ನಮ್ಮ ಜಗುಲಿಯ ಚರ್ಚೆ ಇಲ್ಲಿಗೆ ಬಂದು ನಿಲ್ಲುತ್ತದೆ. ಉಡುಪರದ್ದು ಕ್ರೌರ್ಯವೋ ಅಸಹಾಯಕತೆಯೋ, ಆ ಕಾಲದ ಕಟ್ಟಳೆಯೇ ಹಾಗಿತ್ತೋ ಎಂದು. ಚಿತ್ರ ಮಾತ್ರ ಅಲ್ಲಿ ನಿಲ್ಲುವುದಿಲ್ಲ. ನಾಣಿ ತನ್ನ ಅಪ್ಪನ ಜೊತೆ ಊರು ಬಿಟ್ಟು ಹೋಗುವಾಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತ ಯಮುನೆ ಕಾಣುತ್ತಾಳೆ. ಅವಳ ಪರವಾಗಿ ವಾದಿಸುವ ಮಾತು ಅಲ್ಲಿಲ್ಲ. ಹುಡುಗ ನೋಡುತ್ತಾನೆ, ಹೋಗುತ್ತಾನೆ. ಅವಳನ್ನು ಕಾಪಾಡಲು ಅಷ್ಟು ಹೆಣಗಿದ ಒಬ್ಬನೇ ಒಬ್ಬ ಮನುಷ್ಯನೂ ಈಗ ದಾರಿ ಹಿಡಿದು ಹೊರಟವನು. ಅವನ ಕಣ್ಣಿಂದಲೇ ನೋಡುತ್ತಿರುವ ನಾವೂ ಹೊರಟವರು. ಚಿತ್ರ ನಮ್ಮನ್ನು ನ್ಯಾಯಾಧೀಶರ ಪೀಠದಿಂದ ಇಳಿಸಿ ಬಿಟ್ಟುಹೋದವರ ಸಾಲಿನಲ್ಲಿ ನಿಲ್ಲಿಸುತ್ತದೆ. ಉಡುಪರ ತಪ್ಪು-ಒಪ್ಪು ತೂಗುತ್ತ ಕೂತರೆ ನಮಗೆ ಈ ಜಾಗದಿಂದ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ. ಹೊಸದಾಗಿ ದುರಸ್ತಿಯಾದ ಇದರ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ನಮ್ಮೂರುಗಳಲ್ಲೂ ಅದನ್ನು ಮತ್ತೆ ದೊಡ್ಡ ಪರದೆಯಲ್ಲಿ ನೋಡುವಂತಾಗಬೇಕು.

ಕಾಸರವಳ್ಳಿಯವರದೇ ‘ದ್ವೀಪ’ (2002) ನಮಗೆ ಇನ್ನೂ ಹತ್ತಿರದ್ದು. ನಾ. ಡಿಸೋಜರ ಕಾದಂಬರಿ, ನಿರ್ಮಾಪಕಿಯೂ ನಾಗಿಯ ಪಾತ್ರಧಾರಿಯೂ ಸೌಂದರ್ಯ. ಏರುವ ಹಿನ್ನೀರು ಸೀತಾಪರ್ವತವನ್ನು ನಡುಗಡ್ಡೆ ಮಾಡುತ್ತದೆ, ಊರವರು ಪರಿಹಾರ ಪಡೆದು ಹೋಗುತ್ತಾರೆ, ಒಂದು ಮನೆ ಉಳಿಯುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನ ನೋವು ಶರಾವತಿ ಕಡೆಯದಾದರೆ, ಕಾಳಿ ನದಿಗೆ ಕಟ್ಟಿದ ಕೊಡಸಳ್ಳಿ ಅಣೆಕಟ್ಟು ಯಲ್ಲಾಪುರ ತಾಲ್ಲೂಕಿನದೇ. ಬೇಡ್ತಿ ಜಲವಿದ್ಯುತ್ ಯೋಜನೆ ತಡೆಯಲು ಸೀಮೆಯೇ ಎದ್ದು ನಿಂತದ್ದು, 1983ರಲ್ಲಿ ಸಲ್ಕಣಿಯ ಕಾಡಿನಲ್ಲಿ ಮರ ಉಳಿಸುವ ಅಪ್ಪಿಕೋ ಚಳವಳಿ ಶುರುವಾದದ್ದು ಇಲ್ಲಿನ ಮನೆಮನೆಯ ನೆನಪು. ಹಾಗಾಗಿ ‘ದ್ವೀಪ’ ಎಂದಕೂಡಲೇ ನಮ್ಮಲ್ಲಿ ಮುಳುಗಡೆಯ ಚರ್ಚೆ ಏಳುತ್ತದೆ. ಅದು ಸಹಜ, ಅಗತ್ಯ ಕೂಡ. ಆದರೆ ಆ ಚರ್ಚೆಯ ಬಿಸಿಯಲ್ಲಿ ಚಿತ್ರದ ಇನ್ನೊಂದು ಮುಳುಗಡೆ ಕಣ್ತಪ್ಪುತ್ತದೆ. ಮಳೆ ಬಿಡುವಿಲ್ಲದೆ ಸುರಿಯುತ್ತದೆ, ಎಚ್.ಎಂ. ರಾಮಚಂದ್ರರ ಕ್ಯಾಮೆರಾದಲ್ಲಿ ಆಕಾಶ, ನೀರು, ಗೋಡೆ ಎಲ್ಲ ಒಂದೇ ಒದ್ದೆ ಬಣ್ಣಕ್ಕೆ ಇಳಿಯುತ್ತವೆ. ಅದರ ನಡುವೆ ದುಡಿಯುತ್ತ, ಮನೆಯನ್ನು ಹಿಡಿದು ನಿಲ್ಲಿಸುವವಳು ನಾಗಿ. ನೀರು ಇಳಿದ ಮೇಲೆ ಗಂಡ ಗಣಪ ಆ ಉಳಿವಿನ ಪುಣ್ಯವನ್ನು ದೇವರಿಗೆ ಒಪ್ಪಿಸುತ್ತಾನೆ. ಇಷ್ಟು ಹೊತ್ತು ಪರದೆಯ ಮೇಲೆ ಅವಳ ದುಡಿಮೆಯನ್ನು ನೋಡಿದ ನಮಗೆ, ಅದು ಒಂದೇ ವಾಕ್ಯದಲ್ಲಿ ಅಳಿಸಿಹೋದದ್ದು ಗೊತ್ತಾಗಬೇಕು. ಗೊತ್ತಾಗುವುದು ನೋಡಿದ್ದರೆ ಮಾತ್ರ. ಗಣಪನ ಮಾತನ್ನಷ್ಟೇ ಕೇಳಿದವರಿಗೆ ಅದು ಭಕ್ತಿಯ ಮಾತಾಗಿ ಕೇಳಿ ಚಿತ್ರ ಸುಖವಾಗಿ ಮುಗಿಯುತ್ತದೆ. ಸರ್ಕಾರ ಮಾಡಿದ ಅನ್ಯಾಯವನ್ನು ಇಷ್ಟು ಚೆನ್ನಾಗಿ ಚರ್ಚಿಸುವ ನಾವು ಮನೆಯೊಳಗಿನ ಈ ಅನ್ಯಾಯಕ್ಕೆ ಬಂದಾಗ ಸುಮ್ಮನಾಗುವುದು ಬರೀ ಕಲೆಯ ತಿಳಿವಳಿಕೆಯ ಪ್ರಶ್ನೆಯಲ್ಲ.

ನಮ್ಮ ನೆಲವನ್ನೇ ತೋರಿಸಿದ ಜನಪ್ರಿಯ ಚಿತ್ರಗಳ ಬಗ್ಗೆ ನಮ್ಮ ಮಾತು ಇನ್ನೂ ತೆಳು. ಸುನಿಲ್ ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೆ’ ಬಂದ ಮೇಲೆ ಯಾಣದ ಬಂಡೆಗಳು ರಾಜ್ಯಕ್ಕೆಲ್ಲ ಪರಿಚಯವಾದವು. ಇಳಯರಾಜಾ ಅವರ ಹಾಡುಗಳು ಇಂದಿಗೂ ಹಸಿರಾಗಿವೆ. ಹೆಮ್ಮೆ ಸಹಜ. ಆದರೆ ಅಲ್ಲಿ ಮಲೆನಾಡು ಪ್ರೇಮದ ಹಿಂದಿನ ಪರದೆಯಾಗಿದೆ. ಕಾಡು ಯಾರನ್ನೂ ತಡೆಯುವುದಿಲ್ಲ, ಮಳೆ ಯಾರ ಕೊಯ್ಲನ್ನೂ ಕೆಡಿಸುವುದಿಲ್ಲ. ‘ದ್ವೀಪ’ದ ಮಳೆಯ ಪಕ್ಕ ಇದನ್ನಿಟ್ಟು ನೋಡಿದರೆ ಒಂದೇ ನೆಲವನ್ನು ಎರಡು ಬಗೆಯ ಕ್ಯಾಮೆರಾ ಹೇಗೆ ಕಾಣುತ್ತದೆ ಎಂದು ಯಾರಿಗೂ ಹೊಳೆದೀತು. ಶಬ್ದಕ್ಕೂ ಇದೇ ಮಾತು. ಕನ್ನಡ ಚಿತ್ರಗಳಲ್ಲಿ ದೇವಸ್ಥಾನದ ಗಂಟೆ ಸಂಕಟದ ಹೊತ್ತಿಗೆ ತಾನಾಗಿ ಬಾರಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹರಕೆಯ ಗಂಟೆಗಳು ಗೊಂಚಲು ಗೊಂಚಲಾಗಿ ತೂಗುವ ಚಂದಗುಳಿಯ ಘಂಟೆ ಗಣಪತಿಯ ಸನ್ನಿಧಿ ಬಲ್ಲವರಿಗೆ ಗೊತ್ತು: ಅಲ್ಲಿ ಒಂದೊಂದು ಗಂಟೆಯೂ ಯಾವುದೋ ಮನೆಯ ಕೋರಿಕೆ, ಗಾತ್ರ ಬೇರೆ, ನಾದ ಬೇರೆ. ಅಂಥ ಕಿವಿ ಇರುವವರು ಸಿನಿಮಾದ ಸಿದ್ಧ ಗಂಟೆಯನ್ನು ಪ್ರಶ್ನೆಯಿಲ್ಲದೆ ಒಪ್ಪಬಾರದು.

2022ರ ‘ಕಾಂತಾರ’ ಈ ಮಾತಿಗೆಲ್ಲ ಒಳ್ಳೆಯ ಪರೀಕ್ಷೆ. ಸೊಪ್ಪಿನ ಬೆಟ್ಟದ ಹಕ್ಕು, ಅತಿಕ್ರಮಣದ ನೋಟಿಸು, ಅರಣ್ಯ ಇಲಾಖೆಯ ಜೊತೆಗಿನ ತಿಕ್ಕಾಟ ನಿತ್ಯದ್ದಾಗಿರುವ ನಮ್ಮಲ್ಲಿ ಅದು ದೊಡ್ಡ ಚರ್ಚೆ ಎಬ್ಬಿಸಿತು. ದೈವ ನಿಜವೋ, ಆಚರಣೆಯನ್ನು ಹೀಗೆ ತೋರಿಸಬಹುದೋ, ಭೂಮಿ ಯಾರದು ಎಂಬಲ್ಲೇ ಚರ್ಚೆ ಸುತ್ತಿತು. ಚಿತ್ರದ ತುದಿ ಮಾತಿಲ್ಲದ್ದು. ರಿಷಬ್ ಶೆಟ್ಟರ ಶಿವ ಆವೇಶದಲ್ಲಿ, ಒಂದು ಕೂಗು ಮತ್ತು ಮೈಯ ಚಲನೆಯಿಂದ, ಅರಣ್ಯಾಧಿಕಾರಿ ಮುರಳಿಯ ಕೈಯನ್ನೂ ಊರವರ ಕೈಗಳನ್ನೂ ಒಂದೆಡೆ ಸೇರಿಸಿ ಎದೆಗೊತ್ತಿಕೊಳ್ಳುತ್ತಾನೆ. ನಟನೆಯಾಗಿ ಅದು ಅಪ್ಪಟ. ಆದರೆ ಆ ಕೈಗಳ ಹಿಡಿತ ಏನು ಮಾಡುತ್ತಿದೆ? ಅಲ್ಲಿಯವರೆಗೆ ಕಾಗದ, ಕಾನೂನು, ಗಡಿಕಲ್ಲುಗಳ ಜಗಳವಾಗಿದ್ದದ್ದು ಒಂದು ಸ್ಪರ್ಶದಲ್ಲಿ ಕರಗುತ್ತದೆ. ನಮ್ಮ ಮೈ ಜುಮ್ಮೆನ್ನುವ ಆ ಕ್ಷಣದಲ್ಲೇ ಹಕ್ಕಿನ ಪ್ರಶ್ನೆ ನಮ್ಮ ಕೈತಪ್ಪಿ ಕೃಪೆಯ ಪ್ರಶ್ನೆಯಾಗುತ್ತದೆ. ಚಿತ್ರದ ಅತಿ ದೊಡ್ಡ ರಾಜಕೀಯ ಹೇಳಿಕೆ ಇದು, ಮತ್ತು ನನ್ನ ದೃಷ್ಟಿಯಲ್ಲಿ ಅದರ ಅತಿ ದೊಡ್ಡ ದೌರ್ಬಲ್ಯ. ಸಂಭಾಷಣೆಯಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ.

ಹೆಗ್ಗೋಡಿನ ಪರಂಪರೆಯಿಂದ ಬಂದ ನಮ್ಮಂಥವರ ತಪ್ಪು ಒಂದನ್ನು ಇಲ್ಲಿ ಹೇಳಲೇಬೇಕು. ಕುರೊಸಾವಾಗೆ ಒಂದು ಅಳತೆ, ರಾಜ್‌ಕುಮಾರ್ ಚಿತ್ರಕ್ಕೆ ಇನ್ನೊಂದು ಎಂಬ ಪಂಕ್ತಿಭೇದ ನಮ್ಮಲ್ಲಿ ಬೆಳೆಯಿತು. ಜನ ಮುಗಿಬಿದ್ದು ನೋಡುವ ಚಿತ್ರವನ್ನು ದೃಶ್ಯ ದೃಶ್ಯವಾಗಿ ಬಿಡಿಸುವ ಶ್ರಮ ನಾವು ಪಡಲಿಲ್ಲ. ಹೀಗಾಗಿ ಆ ಚಿತ್ರಗಳು ಅಭಿಮಾನಿಗಳ ಜೈಕಾರಕ್ಕೂ ಮೊಬೈಲಿನ ನಕ್ಷತ್ರದ ಅಂಕಗಳಿಗೂ ಪಾಲಾದವು. ನೋಡುವುದನ್ನು ಯಾರು ಬೇಕಾದರೂ ಕಲಿಯಬಹುದು ಎಂದ ಸುಬ್ಬಣ್ಣನವರ ಮಾತು ನಿಜವಾದರೆ, ಯಾವ ಚಿತ್ರದ ಮೇಲೆ ಬೇಕಾದರೂ ಕಲಿಯಬಹುದು ಎಂಬುದೂ ನಿಜವಾಗಬೇಕು.

ದಾರಿ ಕಷ್ಟದ್ದಲ್ಲ, ಯಾಕೆಂದರೆ ಈ ಸೀಮೆಗೆ ತಾಳಮದ್ದಳೆ ಒಂದೇ ಶಾಲೆಯಲ್ಲ, ಯಕ್ಷಗಾನದ ಆಟವೂ ಇದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನೋ ಭಸ್ಮಾಸುರನನ್ನೋ ನೋಡಿದವರು ಮಾತು ಶುರುವಾಗುವ ಮೊದಲೇ ಹುಬ್ಬಿನಲ್ಲಿ, ಭುಜದಲ್ಲಿ, ಹೆಜ್ಜೆಯಲ್ಲಿ ಪಾತ್ರವನ್ನು ಓದಿದವರು. ಆ ಕಣ್ಣು ನಮ್ಮಲ್ಲಿದೆ. ಅದನ್ನು ಸಿನಿಮಾದ ಮುಂದೆಯೂ ತೆರೆದಿಡಬೇಕು ಅಷ್ಟೆ. ಊರ ಶಾಲೆಯಲ್ಲೋ ಸಂಘದ ಮಾಳಿಗೆಯಲ್ಲೋ ಚಿತ್ರ ತೋರಿಸುವವರು ಮುಗಿದ ಕೂಡಲೇ ಅಭಿಪ್ರಾಯ ಕೇಳದಿರಲಿ. ಒಂದು ದೃಶ್ಯವನ್ನು ಎರಡನೇ ಸಲ ಹಾಕಲಿ. ಒಮ್ಮೆ ಶಬ್ದ ನಿಲ್ಲಿಸಿ ಹಾಕಲಿ. ಏನು ಕಂಡಿರಿ, ಏನು ಕೇಳಿದಿರಿ, ಏನನ್ನು ತೋರಿಸದೆ ಬಿಟ್ಟರು ಎಂಬ ಮೂರು ಪ್ರಶ್ನೆಗಳಿಗೆ ಎಲ್ಲರೂ, ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತ ಹೆಂಗಸರೂ ಮಕ್ಕಳೂ ಮೊದಲು ಉತ್ತರ ಹೇಳಲಿ. ಮಾತಿನ ಮಲ್ಲರು ಆಮೇಲೆ ವಾದಕ್ಕೆ ಇಳಿಯಲಿ. ಆಗ ಅವರ ವಾದಕ್ಕೂ ಇಂದು ಇಲ್ಲದ ಆಧಾರ ಸಿಗುತ್ತದೆ, ಮತ್ತು ಕಂಡದ್ದನ್ನು ಹೇಳುವ ಹಕ್ಕು ಚೆನ್ನಾಗಿ ಮಾತಾಡಬಲ್ಲವರದಷ್ಟೇ ಆಗಿ ಉಳಿಯುವುದಿಲ್ಲ.