ಏಕಕರ ತತ್ತ್ವವೂ ಧಾರವಾಡ ಸೀಮೆಯ ಆಕಾರಣೆಯೂ : ಒಂದು ವಿಮರ್ಶೆ

ನ್ಯೂಯಾರ್ಕಿನ ರಾಬರ್ಟ್ ಶಾಲ್ಕನ್‌ಬಾಕ್ ಪ್ರತಿಷ್ಠಾನವು 1925ರಲ್ಲಿ ಸ್ಥಾಪಿತವಾದ ಒಂದು ಧರ್ಮಾದಾಯ ಸಂಸ್ಥೆ. ಮುದ್ರಣ ವ್ಯವಸಾಯದಲ್ಲಿ ಹಣ ಗಳಿಸಿದ ಗೃಹಸ್ಥನೊಬ್ಬನು ಮೃತ್ಯುಪತ್ರದ ಮೂಲಕ ಬಿಟ್ಟುಹೋದ ನಿಧಿಯಿಂದ ಅದು ಹುಟ್ಟಿಕೊಂಡಿತು. ಹೆನ್ರಿ ಜಾರ್ಜ್‌ನ (1839-1897) ಗ್ರಂಥಗಳನ್ನು, ವಿಶೇಷವಾಗಿ 'ಪ್ರಗತಿ ಮತ್ತು ದಾರಿದ್ರ್ಯ'ವನ್ನು, ಅಚ್ಚಿನಲ್ಲಿ ಉಳಿಸಿಕೊಂಡು ಬರುವುದೂ ಆತನ ಭೂಕರ ತತ್ತ್ವವನ್ನು ಪ್ರಸಾರಗೊಳಿಸುವುದೂ ಅದರ ಉದ್ದೇಶ. 2006ರಲ್ಲಿ ಆ ಗ್ರಂಥದ ಸಂಕ್ಷಿಪ್ತ ಆವೃತ್ತಿಯೊಂದನ್ನು ಇಂದಿನ ಓದುಗರಿಗೆ ಸುಲಭವಾಗುವ ಭಾಷೆಯಲ್ಲಿ ಅದು ಹೊರತಂದಿತು. ಜಾರ್ಜ್‌ನೂ ಯೌವನದಲ್ಲಿ ಅಚ್ಚಿನ ಮೊಳೆ ಜೋಡಿಸಿ ಹೊಟ್ಟೆ ಹೊರೆದವನು. ಒಬ್ಬ ಮುದ್ರಕನ ವಿಚಾರವನ್ನು ಇನ್ನೊಬ್ಬ ಮುದ್ರಕನ ಹಣ ಕಾಪಾಡಿತೆಂಬುದು ಗಮನಿಸತಕ್ಕ ಸಂಗತಿಯಾಗಿದೆ.

ಜಾರ್ಜ್‌ನ ವಾದ ಸರಳವಾದದ್ದು. ಭೂಮಿಯನ್ನು ಯಾವ ಮನುಷ್ಯನೂ ನಿರ್ಮಿಸಿಲ್ಲ; ಅದರ ಬೆಲೆ ಏರುವುದು ಒಡೆಯನ ದುಡಿಮೆಯಿಂದಲ್ಲ, ಸುತ್ತಲಿನ ಸಮಾಜವು ಬೆಳೆಯುವುದರಿಂದ. ಆದುದರಿಂದ ನೆಲದ ಗೇಣಿಯನ್ನು ಸರಕಾರವು ಕರರೂಪದಿಂದ ಸಮಾಜಕ್ಕೆ ಮರಳಿ ಪಡೆಯಬೇಕು. ದುಡಿಮೆಯ ಮೇಲೆ, ಬಂಡವಾಳದ ಮೇಲೆ, ಒಕ್ಕಲಿಗನು ಮಾಡಿದ ಸುಧಾರಣೆಯ ಮೇಲೆ ಕರವಿರಕೂಡದು. ಟಾಲ್‌ಸ್ಟಾಯ್‌ನಂಥವನೇ ಈ ವಾದಕ್ಕೆ ಮಾರುಹೋದನು. ಇದರ ಅನುಯಾಯಿಗಳು ಪ್ರಯೋಗಗಳೆಂದು ಎತ್ತಿ ತೋರಿಸುವ ಹೆಸರುಗಳು ಅಮೆರಿಕೆಯ ಫೇರ್‌ಹೋಪ್, ಪಿಟ್ಸ್‌ಬರ್ಗ್, ಯೂರೋಪಿನ ಡೆನ್ಮಾರ್ಕ್ ಮೊದಲಾದವು. ಮುಂಬಯಿ ಕರ್ನಾಟಕದ ಭೂ-ಇತಿಹಾಸವನ್ನು ಅಭ್ಯಸಿಸುವವರಿಗೆ ಇಲ್ಲಿ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ನಮ್ಮ ಎರೆಯ ನೆಲದಲ್ಲಿ ಗೇಣಿಯ ಸಿದ್ಧಾಂತವನ್ನು ಕೈಯಲ್ಲಿ ಹಿಡಿದುಕೊಂಡೇ ಸರಕಾರವು ಕರ ಎತ್ತಲಿಲ್ಲವೇ? ಅದರ ಅನುಭವವು ಈ ತತ್ತ್ವಕ್ಕೆ ಏನು ಹೇಳುತ್ತದೆ?

ರಿಕಾರ್ಡೊ ತನ್ನ ಗೇಣಿಯ ಸಿದ್ಧಾಂತವನ್ನು ಗ್ರಂಥಸ್ಥಗೊಳಿಸಿದ್ದು 1817ರಲ್ಲಿ. ಕಂಪನಿಯ ಲಂಡನ್ ಕಚೇರಿಯಲ್ಲಿದ್ದ ಜೇಮ್ಸ್ ಮಿಲ್‌ನು ಹಿಂದುಸ್ಥಾನದಲ್ಲಿ ಸರಕಾರವೇ ಗೇಣಿಯನ್ನು ತೆಗೆದುಕೊಂಡರೆ ಉತ್ಪಾದನೆಗೆ ಬಾಧಕವಿಲ್ಲವೆಂದು ಪ್ರತಿಪಾದಿಸಿದನು. ಆ ಮಾತನ್ನು ದಖ್ಖನದ ಹೊಲಗಳಲ್ಲಿ ಪರೀಕ್ಷಿಸಿದವನು ಪ್ರಿಂಗಲ್. ಖರ್ಚು ಕಳೆದು ಉಳಿದ ಉತ್ಪನ್ನದ ಶೇಕಡಾ 55ರಷ್ಟನ್ನು ಅವನು ಸರಕಾರದ ಪಾಲೆಂದು ನಿಶ್ಚಯಿಸಿದನು. ಕಾಗದದ ಮೇಲೆ ಆ ಲೆಕ್ಕ ನಿರ್ದುಷ್ಟವಾಗಿತ್ತು. ಹಳ್ಳಿಗಳಲ್ಲಿ ಮಾತ್ರ ಆಕಾರ ತುಂಬಲಾರದೆ ಒಕ್ಕಲುಗಳು ಹೊಲ ಬಿಟ್ಟವು, ಪದ್ಧತಿಯನ್ನು ಕೈಬಿಡಬೇಕಾಯಿತು.

ಅನಂತರ ಬಂದವರು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್. 1840ರ ದಶಕದಲ್ಲಿ ವಿಂಗೇಟ್‌ನು ಧಾರವಾಡ ಜಿಲ್ಲೆಯ ಮೋಜಣಿಯನ್ನು ನಡೆಯಿಸಿದನು. 1847ರ ಸಂಯುಕ್ತ ವರದಿಯಲ್ಲಿ ಈ ಪದ್ಧತಿಯ ನಿಯಮಗಳು ಸ್ಥಿರಗೊಂಡವು. ಅದರ ಸೂಕ್ಷ್ಮತೆಯು ಇಂದಿಗೂ ಆಶ್ಚರ್ಯಗೊಳಿಸುವಂಥದು. ಹೊಲವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲಿಯೂ ಮಣ್ಣಿನ ಬಣ್ಣ-ಪೋತ ನೋಡಿ ಮೂರು ಜಾತಿಗಳಲ್ಲಿ ಸೇರಿಸುತ್ತಿದ್ದರು. ಬಳಿಕ ಆಳವನ್ನು ಮೊಳದ ಲೆಕ್ಕದಲ್ಲಿ ಅಳೆಯುತ್ತಿದ್ದರು: ಒಂದೂ ಮುಕ್ಕಾಲು ಮೊಳದಿಂದ ಕಾಲು ಮೊಳದವರೆಗೆ. ಸುಣ್ಣದ ಹರಳು, ಮರಳಿನ ಬೆರಕೆ, ಇಳಿಜಾರು, ನೀರು ನಿಲ್ಲುವಿಕೆ ಮುಂತಾದ ದೋಷಗಳಿದ್ದರೆ ಒಂದೊಂದಕ್ಕೆ ಒಂದೊಂದು ದರ್ಜೆ ಇಳಿಯುತ್ತಿತ್ತು. ಒಟ್ಟು ಒಂಬತ್ತು ದರ್ಜೆಗಳು. ಮೊದಲನೆಯದರ ಬೆಲೆ 16 ಆಣೆ, ಕೊನೆಯದರದು 2 ಆಣೆ. ಇಷ್ಟಕ್ಕೇ ನಿಲ್ಲದೆ, ಪೇಟೆಯ ಸಾಮೀಪ್ಯ ಹಾಗೂ ಮಳೆಯ ಮಾನ ನೋಡಿ ಹಳ್ಳಿಗಳನ್ನು ಗುಂಪುಗೂಡಿಸಿ, ಗುಂಪಿಗೊಂದು ಪರಮಾವಧಿ ದರವನ್ನು ಗೊತ್ತುಪಡಿಸಲಾಗುತ್ತಿತ್ತು. ಜಾರ್ಜ್‌ನು ಹೇಳುವ ಸ್ಥಾನಬೆಲೆಯೆಂದರೆ ಇದೇ. ಆದರೆ ಜಿಲ್ಲೆಗೆ ಒಟ್ಟು ಎಷ್ಟು ಆಕಾರವೆಂಬ ಪ್ರಶ್ನೆಗೆ ವಿಂಗೇಟ್‌ನು ಗೇಣಿಯ ಸೂತ್ರದಿಂದ ಉತ್ತರ ಹುಡುಕಲಿಲ್ಲ. ಹಿಂದಿನ ವರ್ಷಗಳ ವಸೂಲಿಯನ್ನೂ ಸೀಮೆಯ ಸ್ಥಿತಿಯನ್ನೂ ನೋಡಿ ಅಂದಾಜಿನಿಂದಲೇ ನಿಶ್ಚಯಿಸಿದನು. ಹಂಚಿಕೆ ಶಾಸ್ತ್ರೀಯ, ಮೊತ್ತ ಅನುಭವಸಿದ್ಧ. ಪ್ರಿಂಗಲ್‌ನ ಸೋಲಿನಿಂದ ಕಲಿತ ವಿವೇಕವಿದು ಎಂದೇ ನಮ್ಮ ಅಭಿಪ್ರಾಯ.

ಇಂದು ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಯಾವನೇ ಒಕ್ಕಲಿಗನ ಪಹಣಿಯನ್ನು ನೋಡಿದರೂ ಸರ್ವೆ ನಂಬರು, ಖರಾಬು, ಆಕಾರ, ಮಣ್ಣಿನ ನಮೂನೆ ಎಂಬ ಅಂಕಣಗಳು ಕಾಣುತ್ತವೆ. ಎರೆ, ಮಸಾರಿ ಎಂದು ಅಲ್ಲಿ ಬರೆದಿರುವುದು ಬರಿಯ ವರ್ಣನೆಯಲ್ಲ. ಹಿಂದೊಮ್ಮೆ ಅದು ಕರದ ಕಾರಣವಾಗಿತ್ತು. ಈಗ ಆಕಾರದ ಮೊತ್ತ ಅತ್ಯಲ್ಪ.

1879ನೆಯ ವರ್ಷವು ಈ ವಿಷಯದಲ್ಲಿ ಕುತೂಹಲಕಾರಿಯಾದದ್ದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜಾರ್ಜ್‌ನ ಗ್ರಂಥ ಮೊದಲು ಮುದ್ರಿತವಾದ ಆ ವರ್ಷವೇ ಮುಂಬಯಿ ಭೂಕಂದಾಯ ಸಂಹಿತೆಯೂ ಜಾರಿಗೆ ಬಂದಿತು. ರೈತನು ಸ್ವಂತ ಹಣದಿಂದ ಮಾಡಿದ ಸುಧಾರಣೆಯನ್ನು ಪುನರಾಕಾರಣೆಯಲ್ಲಿ ಲೆಕ್ಕಕ್ಕೆ ಹಿಡಿಯಬಾರದು. ಮಣ್ಣು, ಸ್ಥಾನ, ಧಾರಣೆ, ಸಂಚಾರ ಸೌಕರ್ಯ, ಇವುಗಳಿಂದ ಬಂದ ಸಾಮಾನ್ಯ ಬೆಲೆಯನ್ನು ಮಾತ್ರ ಗಣಿಸಬೇಕು ಎಂಬುದು ಅದರ ವಿಧಿ. ಜಾರ್ಜ್‌ನು ಅಮೆರಿಕೆಯಲ್ಲಿ ಬೇಡುತ್ತಿದ್ದ ನಿಯಮವು ಇಲ್ಲಿ ಆಗಲೇ ಕಾಯದೆಯ ಪುಟದಲ್ಲಿತ್ತೆಂದರೆ ಉತ್ಪ್ರೇಕ್ಷೆಯಾಗದು. ಜಾರ್ಜ್‌ನು ಹಿಂದುಸ್ಥಾನವನ್ನು ಮರೆತವನಲ್ಲ. ಕ್ಷಾಮಗಳಿಗೆ ಜನಸಂಖ್ಯೆ ಕಾರಣವಲ್ಲ, ಸುಲಿಗೆ ಕಾರಣ ಎಂದು ಮಾಲ್ಥಸ್‌ನನ್ನು ಖಂಡಿಸುವ ಅಧ್ಯಾಯದಲ್ಲಿ ಈ ದೇಶದ ಸ್ಥಿತಿಯನ್ನು ಮರುಕದಿಂದ ವಿವರಿಸಿದ್ದಾನೆ. ಆದರೆ ಮುಂಬಯಿಯ ಆಕಾರಣೆಯ ವಿವೇಚನೆ ಆ ಅಧ್ಯಾಯದಲ್ಲಿಲ್ಲ.

ಕಾಯದೆಯಲ್ಲಿ ತತ್ತ್ವವಿದ್ದೂ ರೈತನು ಏಕೆ ಉದ್ಧಾರವಾಗಲಿಲ್ಲ? ಏಕಕರವಾದಿಗಳಿಗೆ ಇದಕ್ಕೊಂದು ನ್ಯಾಯವಾದ ಉತ್ತರವಿದೆ. ಉಳಿದ ಕರಗಳು ರದ್ದಾಗಲಿಲ್ಲ. ಉಪ್ಪಿನ ಕರ, ಅಬಕಾರಿ, ಮುದ್ರಾಂಕ ಎಲ್ಲವೂ ಮುಂದುವರಿದವು. ವಸೂಲಾದ ಹಣದ ದೊಡ್ಡ ಭಾಗ ಇಲ್ಲಿಯ ಸಮಾಜಕ್ಕೆ ಮರಳಲೂ ಇಲ್ಲ. ಇದನ್ನು ಒಪ್ಪಲೇಬೇಕು. ಆದರೆ ಈ ಉತ್ತರವು ಮೂಲದ ತೊಡಕನ್ನು ಮುಟ್ಟುವುದಿಲ್ಲ. ಗೇಣಿಯೆಂಬುದು ಹೊಲದಲ್ಲಿ ಕಣ್ಣಿಗೆ ಕಾಣುವ ವಸ್ತುವಲ್ಲ. ಯಾರಾದರೊಬ್ಬರು ಅಳೆದು ಹೇಳಬೇಕು. ಇಲ್ಲಿ ಅಳೆದವನೂ ಪಡೆದವನೂ ಒಬ್ಬನೇ. ಮೇಲಾಗಿ 1876ರ ಮುಂಬಯಿ ಕಂದಾಯ ಅಧಿಕಾರವ್ಯಾಪ್ತಿ ಕಾಯದೆಯು ಆಕಾರದ ತಕರಾರುಗಳನ್ನು ದಿವಾಣಿ ನ್ಯಾಯಾಲಯಗಳಿಂದ ಹೊರಗಿಟ್ಟಿತು. ಅಮೆರಿಕೆಯ ಅಂತರ್ಯುದ್ಧದ ಕಾಲದಲ್ಲಿ ಗದಗ ಸೀಮೆಯ ಹತ್ತಿಗೆ ಬಂದ ಧಾರಣೆ ಇಳಿದುಹೋದ ಮೇಲೆ, 1870ರ ದಶಕದಲ್ಲಿ, ಮೂವತ್ತು ವರ್ಷದ ಅವಧಿ ಮುಗಿದು ಪುನರಾಕಾರಣೆಯ ಸರದಿ ಬಂದಿತು. ಬೆನ್ನಲ್ಲೇ 1876-78ರ ಬರ. ಏರಿದ ಧಾರಣೆಯನ್ನು ನೋಡಿ ಕಟ್ಟಿದ ಆಕಾರವು ಧಾರಣೆಯೊಡನೆ ಇಳಿಯುವುದಿಲ್ಲ, ಮಳೆಯನ್ನೂ ಕಾಯುವುದಿಲ್ಲ.

ಈ ತೊಡಕು ನಿಚ್ಚಳವಾಗಿ ಬಯಲಾದದ್ದು ಬಾರ್ಡೋಲಿಯಲ್ಲಿ. ಅಲ್ಲಿಯ ಶೇಕಡಾ 22ರ ಹೆಚ್ಚಳಕ್ಕೆ ಆಧಾರವಾದದ್ದು ಗೇಣಿಯ ಅಂಕಿಸಂಖ್ಯೆಗಳೇ. 1928ರ ಸತ್ಯಾಗ್ರಹದ ಫಲವಾಗಿ ನೇಮಕಗೊಂಡ ಬ್ರೂಮ್‌ಫೀಲ್ಡ್-ಮ್ಯಾಕ್ಸ್‌ವೆಲ್ ಸಮಿತಿಯು ಹಳ್ಳಿಹಳ್ಳಿಗೆ ಹೋಗಿ ವಿಚಾರಿಸಿದಾಗ ಆ ಅಂಕಿಗಳು ನಂಬತಕ್ಕವಲ್ಲವೆಂದು ಕಂಡುಬಂದು, ಹೆಚ್ಚಳವು ಸುಮಾರು ಶೇಕಡಾ 6ಕ್ಕೆ ಇಳಿಯಿತು. ಅಳತೆ ತಿದ್ದಿದ್ದು ಸಿದ್ಧಾಂತದಿಂದಲ್ಲ, ಕರ ಕೊಡೆವೆಂದು ಜನ ನಿಂತದ್ದರಿಂದ. ಅಂಕೋಲಾ, ಸಿದ್ದಾಪುರ, ಹಿರೇಕೆರೂರುಗಳ ಕರನಿರಾಕರಣೆಯ ನೆನಪು ನಮ್ಮಲ್ಲಿ ಇನ್ನೂ ಅಳಿದಿಲ್ಲ.

ಪರಸರಕಾರದ ಮಾತಾಯಿತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಇಂದಿನ ಗದಗ ಜಿಲ್ಲೆಗೆ ಸೇರಿದ ನರಗುಂದದಲ್ಲಿ 1980ರ ಜುಲೈ 21ರಂದು ನಡೆದ ಗೋಲಿಬಾರಿನ ಹಿನ್ನೆಲೆ ಏನು? ಮಲಪ್ರಭಾ ಕಾಲುವೆಯಿಂದ ಹೊಲದ ಬೆಲೆ ಹೆಚ್ಚಿತೆಂದು ವಿಧಿಸಿದ ಅಭಿವೃದ್ಧಿ ಕರ ಮತ್ತು ನೀರಿನ ಕರ. ಸಾರ್ವಜನಿಕ ವೆಚ್ಚದಿಂದ ನೆಲಕ್ಕೆ ಬಂದ ಬೆಲೆಯನ್ನು ಸಾರ್ವಜನಿಕರೇ ಮರಳಿ ಪಡೆಯಬೇಕೆಂಬುದು ಜಾರ್ಜ್‌ನ ತತ್ತ್ವದ ಸಾರವಷ್ಟೆ? ಆದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿರಲಿಲ್ಲ. ಕೆಲವೆಡೆ ಎರೆಯ ನೆಲ ಜೌಗಾಗಿತ್ತು. ಹೆಚ್ಚಿತೆಂದು ಹೇಳಿದ ಬೆಲೆ ಕಡತದಲ್ಲಿತ್ತು, ಹೊಲದಲ್ಲಿರಲಿಲ್ಲ. ನರಗುಂದ-ನವಲಗುಂದಗಳ ಈ ಬಂಡಾಯದಿಂದಲೇ ರಾಜ್ಯದ ರೈತ ಚಳವಳಿ ಬಲಗೊಂಡಿತು. ಸರಕಾರವು ರಿಯಾಯಿತಿಗಳನ್ನು ಸಾರಬೇಕಾಯಿತು.

ಇನ್ನೊಂದು ನ್ಯೂನತೆಯನ್ನೂ ಇಲ್ಲಿ ಸೂಚಿಸಬೇಕು. ಜಾರ್ಜ್‌ನ ತರ್ಕದಲ್ಲಿ ನೆಲವೆಂದರೆ ಗೇಣಿ ಕೊಡುವ ಸ್ಥಾನ. ಬೆಲೆ ಏರಿದಾಗ ಅದರ ಉಪಯೋಗ ಬದಲಾಗುವುದು ಸಹಜ, ಇಷ್ಟವೂ ಹೌದು. 2010-11ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗಾಗಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಮೂರು ಸಾವಿರ ಎಕರೆಗೂ ಮೀರಿದ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ಎದ್ದ ವಿರೋಧವು ಬೆಲೆ ಹೆಚ್ಚಿಸಿರೆಂಬ ಬೇಡಿಕೆಯಾಗಿರಲಿಲ್ಲ. ಎರೆಯ ಹೊಲವನ್ನು ಕೊಡುವುದೇ ಇಲ್ಲವೆಂಬ ನಿಲುವಾಗಿತ್ತು. 2011ರ ಜುಲೈಯಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಈ ನಿಲುವನ್ನು ಅಳೆಯುವ ಆಣೆ-ಮೊಳಗಳು ಏಕಕರವಾದದಲ್ಲಿ ನಮಗೆ ದೊರೆಯಲಿಲ್ಲ.

ಇಷ್ಟರಿಂದ ಜಾರ್ಜ್‌ನ ಗ್ರಂಥ ನಿರರ್ಥಕವೆಂದು ನಾವು ಹೇಳುವುದಿಲ್ಲ. ಬೆಂಗಳೂರು, ಹುಬ್ಬಳ್ಳಿಗಳ ಅಂಚಿನಲ್ಲಿ ರಸ್ತೆಯೊಂದು ಹಾಯ್ದ ಮಾತ್ರಕ್ಕೆ ಕೋಟಿಗಳನ್ನು ಎಣಿಸುವವರ ವಿಷಯದಲ್ಲಿ ಅವನ ಪ್ರಶ್ನೆ ಇಂದಿಗೂ ತೀಕ್ಷ್ಣವಾಗಿದೆ. ಅಲ್ಲಿಯ ನಿವೇಶನಕ್ಕೂ ಇಲ್ಲಿಯ ಮಳೆಯಾಶ್ರಿತ ಹೊಲಕ್ಕೂ ಒಂದೇ ಅಳತೆ ಸಲ್ಲದು. ಮುಂಡರಗಿ ತಾಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ ಶಿಂಗಟಾಲೂರು ಏತ ನೀರಾವರಿಯನ್ನು ಕೈಗೊಳ್ಳಲಾಗಿದೆ. ಅದರಿಂದ ಹೊಲಗಳ ಬೆಲೆ ಎಷ್ಟು ಏರಿತೆಂದು ಮುಂದೆ ಲೆಕ್ಕ ಹಾಕುವ ಪ್ರಸಂಗ ಬಂದರೆ, ಆ ಪಟ್ಟಿಯನ್ನು ಹಿರೇವಡ್ಡಟ್ಟಿಯ ಚಾವಡಿಯಲ್ಲಿ ಓದಿ ಹೇಳಿ, ತಕರಾರು ಕೇಳಿ, ತಿದ್ದುವ ಅಧಿಕಾರ ಯಾರಿಗಿರಬೇಕೆಂಬುದನ್ನು ಮೊದಲೇ ಗೊತ್ತುಪಡಿಸಬೇಕಾಗುತ್ತದೆ.