ಕೆರೆ ಏರಿಯ ಮೇಲಿನ ಪಾಯೆಸ್

ಕೃಷ್ಣದೇವರಾಯನ ವಿಜಯನಗರ ಎಂದೊಡನೆ ನಮಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬೇಕು. ಶಾಲೆಯ ಎರಡು ಅಂಕದ ಪ್ರಶ್ನೆಯಲ್ಲಿ, ಹಂಪಿಯ ಗೈಡಿನ ಬಾಯಲ್ಲಿ, ಉತ್ಸವದ ಭಾಷಣದಲ್ಲಿ ಅವನದೇ ಸರ್ಟಿಫಿಕೇಟು: ರೋಮಿನಷ್ಟು ದೊಡ್ಡ ನಗರ, ಪೇಟೆಯಲ್ಲಿ ವಜ್ರ, ಮುತ್ತು, ಮಾಣಿಕ್ಯ. ರಾಬರ್ಟ್ ಸೆವೆಲ್ 1900ರಲ್ಲಿ ಅವನನ್ನು ಇಂಗ್ಲಿಷಿಗೆ ತಂದ ಮೇಲೆ ಇವೇ ನಾಲ್ಕು ಸಾಲು ಕೈಯಿಂದ ಕೈಗೆ ದಾಟುತ್ತಿವೆ. ಮಿಕ್ಕ ಪಾಯೆಸನನ್ನು ಓದಿದವರ ಹಾಗೆ ಯಾರೂ ಮಾತಾಡುವುದಿಲ್ಲ.

ಅವನ ಕೆರೆಯ ಪ್ರಸಂಗವನ್ನೇ ನೋಡಿ. ರಾಯ ಕೆರೆ ಕಟ್ಟಿಸುತ್ತಿದ್ದಾನೆ. ಕೆಲಸವನ್ನು ಪಾಲು ಮಾಡಿ ದಂಡನಾಯಕರಿಗೆ ಹಂಚಿದ್ದಾನೆ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿ, ಕಾಲ ಕೆಳಗಿನ ನೆಲವೇ ಕಾಣದು. ಇಷ್ಟು ಕಣ್ಣಾರೆ ಕಂಡದ್ದು. ಏರಿ ಎರಡು ಮೂರು ಸಲ ಒಡೆಯಿತು, ಬ್ರಾಹ್ಮಣರು ಬಲಿ ಕೇಳಿದರು, ಅರವತ್ತು ಜನರ ತಲೆ ಹೋಯಿತು, ಜೊತೆಗೆ ಒಂದಿಷ್ಟು ಕುದುರೆ, ಕೋಣ. ಇದನ್ನೂ ಅವನು ಅದೇ ದನಿಯಲ್ಲೇ ಹೇಳುತ್ತಾನೆ. ಬೆಚ್ಚುವುದಿಲ್ಲ, ಬೈಯುವುದೂ ಇಲ್ಲ. ಮುತ್ತಿನ ಪೇಟೆಯನ್ನು ಕಂಡ ಕಣ್ಣೇ ಇದು. ಅದನ್ನು ನಂಬುವವರು ಇದನ್ನು ನಂಬಬೇಕು.

ನಮ್ಮ ಕೆಲವು ವಿಮರ್ಶಕರು ಇಲ್ಲೇ ಜಾರಿಕೊಳ್ಳುತ್ತಾರೆ. ಹೊಗಳಿದರೆ ಪಾಯೆಸ್ ಪ್ರತ್ಯಕ್ಷದರ್ಶಿ. ಬಲಿಯ ಮಾತು ಬಂದರೆ ಪರಧರ್ಮವನ್ನು ಹೀಗಳೆಯುವ ಕ್ರೈಸ್ತ, ವಸಾಹತುಶಾಹಿ ಕಣ್ಣು! ಬಲಿ ಅವನು ಕೇಳಿ ಬರೆದದ್ದು ಇರಬಹುದು, ಒಪ್ಪೋಣ. ಆದರೆ ಪೇಟೆಗೊಂದು, ಕೆರೆಗೊಂದು ತಕ್ಕಡಿ ಹಿಡಿಯುವುದಕ್ಕೆ ವಿಮರ್ಶೆ ಎನ್ನುವುದಿಲ್ಲ.

ಪಾಯೆಸನಾದ ಹತ್ತು ಹದಿನೈದು ವರ್ಷಗಳ ಮೇಲೆ ಬರೆದ ಕುದುರೆ ವ್ಯಾಪಾರಿ ನ್ಯೂನಿಜ್‌ನನ್ನು ಒಣ ಲೆಕ್ಕದವನೆಂದು ಮೂಲೆಗೆ ಸರಿಸಿದ್ದೇವೆ. ವರ್ಣನೆಯಲ್ಲಿ ಪಾಯೆಸನಿಗೆ ಅವನು ಸಾಟಿಯಲ್ಲ, ನಿಜ. ಆದರೆ ಕುದುರೆ ಹಡಗಿನಲ್ಲೇ ಸತ್ತರೆ ಬಾಲವಷ್ಟನ್ನೇ ತಂದು ತೋರಿಸಿದವನಿಗೂ ಕೃಷ್ಣದೇವರಾಯನಿಗಿಂತ ಹಿಂದಿನ ರಾಜನೊಬ್ಬ ಪೂರ್ತಿ ಬೆಲೆ ಕೊಡುತ್ತಿದ್ದ ಎಂಬುದನ್ನು ಬರೆದಿಟ್ಟವನು ಇವನೇ. ಆ ಒಂದು ಬಾಲದಲ್ಲಿ, ಕುದುರೆಗಾಗಿ ಸಾಮ್ರಾಜ್ಯ ಎಷ್ಟು ಹಸಿದಿತ್ತೆಂಬುದು ಕಾಣುತ್ತದೆ. ಕೆರೆಯ ಕಥೆ ಇವನಲ್ಲೂ ಇದೆ: ಪೋರ್ಚುಗೀಸ್ ಕಲ್ಲುಕುಟಿಗ, ಸುಣ್ಣ, ತೂಬು, ಕಾಲುವೆ. ತಲೆ ಹೋದವರು ಇಲ್ಲಿ ಮರಣದಂಡನೆಗೆ ತಕ್ಕ ಕೈದಿಗಳು. ಆ ನೀರು ಹಾಯುವ ಜಮೀನನ್ನು ರೈತರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟಿದ್ದೂ, ಈಗ ಅದರ ಹುಟ್ಟುವಳಿ 20,000 ಪರ್ದಾವ್, ಅಂದರೆ ನಮ್ಮ ವರಹ, ಎಂಬುದೂ ಅವನ ಲೆಕ್ಕದಲ್ಲಿದೆ.

ಕೈದಿಗಳು ಎಷ್ಟು ಮಂದಿ ಎಂಬುದನ್ನು ಮಾತ್ರ ಆ ಲೆಕ್ಕದವನು ಬರೆದಿಲ್ಲ.